ಹಾರ್ಡ್ ಡಿಸ್ಕ್ ಕತ್ತರಿಸಿ ಮೂಸಿಗೆ ಎಸೆದರೆ ಸಾಕ್ಷ್ಯವೂ ಮುಳುಗಿತೇ? ತೆಲಂಗಾಣ ಫೋನ್ ಕದ್ದಾಲಿಕೆ ಪ್ರಕರಣ ಎತ್ತಿದ ಪ್ರಶ್ನೆ

ಹೈದರಾಬಾದ್: 2023ರ ಡಿಸೆಂಬರ್ 3ರಂದು ತೆಲಂಗಾಣ ವಿಧಾನಸಭೆ ಚುನಾವಣೆಯ ಫಲಿತಾಂಶ ಹೊರಬಿತ್ತು. ಸುಮಾರು ಹತ್ತು ವರ್ಷ ಅಧಿಕಾರದಲ್ಲಿದ್ದ ಬಿಆರ್‌ಎಸ್ ಸೋತು ಕಾಂಗ್ರೆಸ್ ಗೆದ್ದಿತು. ಮರುದಿನ ರಾತ್ರಿಯೇ ವಿಶೇಷ ಗುಪ್ತಚರ ಬ್ಯೂರೋ (ಎಸ್‌ಐಬಿ) ಕಚೇರಿಯ ಸಿಸಿಟಿವಿ ಕ್ಯಾಮೆರಾಗಳನ್ನು ಬಂದ್ ಮಾಡಿ, ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕ್ ಕಳಚಿ, ಕಟರ್ ಯಂತ್ರದಿಂದ ಕತ್ತರಿಸಿ ಮೂಸಿ ನದಿಗೆ ಎಸೆಯಲಾಯಿತು ಎಂಬುದು ಪೊಲೀಸರ ಆರೋಪ.

2024ರ ಮಾರ್ಚ್‌ನಲ್ಲಿ ಡಿಎಸ್‌ಪಿ ಪ್ರಣೀತ್ ರಾವ್ ಬಂಧನವಾಯಿತು. ನಾಗೋಲ್ ಬಳಿ ಮೂಸಿ ನದಿಯಿಂದ ಡಿಸ್ಕ್ ಚೂರುಗಳನ್ನು ತನಿಖಾಧಿಕಾರಿಗಳು ವಶಪಡಿಸಿಕೊಂಡರು. ಆರೋಪಗಳು ನ್ಯಾಯಾಲಯದಲ್ಲಿ ಇನ್ನೂ ಸಾಬೀತಾಗಬೇಕಿದೆ. ಆದರೆ ಒಂದು ಪ್ರಶ್ನೆ ಎಲ್ಲರಿಗೂ ಸಂಬಂಧಿಸಿದ್ದು: ಡಿಸ್ಕ್ ಒಡೆದರೆ ಅದರೊಳಗಿನ ಮಾಹಿತಿಯೂ ನಾಶವಾಗುತ್ತದೆಯೇ?

ಯಂತ್ರ ಸತ್ತರೂ ಡೇಟಾ ಬದುಕಿರಬಹುದು

ಹಾರ್ಡ್ ಡಿಸ್ಕ್ ಒಳಗೆ ಗಾಜು ಅಥವಾ ಅಲ್ಯೂಮಿನಿಯಂನ ನುಣುಪಾದ ತಟ್ಟೆಗಳಿರುತ್ತವೆ. ಅವುಗಳ ಮೇಲಿನ ಕಾಂತೀಯ ಪದರದಲ್ಲಿ ಮಾಹಿತಿ ದಾಖಲಾಗುತ್ತದೆ. ಸಾಮಾನ್ಯ ಡಿಸ್ಕ್‌ನಲ್ಲಿ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓದುವ-ಬರೆಯುವ ಹೆಡ್ ತೇಲುತ್ತದೆ. ಸಣ್ಣ ಧೂಳಿನ ಕಣವೂ ಇಲ್ಲಿ ಬಂಡೆಯಷ್ಟು ದೊಡ್ಡದು.

ಮೋಟಾರ್, ಹೆಡ್ ಅಥವಾ ಹೊರಗಿನ ಸರ್ಕ್ಯೂಟ್ ಬೋರ್ಡ್ ಹಾಳಾದರೆ ಕಂಪ್ಯೂಟರ್ ಆ ಡಿಸ್ಕ್ ಅನ್ನು ಗುರುತಿಸುವುದೇ ಇಲ್ಲ. ಆದರೆ ತಟ್ಟೆಗಳಿಗೆ ಪೆಟ್ಟಾಗಿಲ್ಲದಿದ್ದರೆ ಪ್ರಯೋಗಾಲಯದಲ್ಲಿ ಬಿಡಿಭಾಗ ಬದಲಿಸಿ ಓದಲು ಸಾಧ್ಯವಿದೆ.

ಇದಕ್ಕೆ ದೊಡ್ಡ ಉದಾಹರಣೆ ಕೊಲಂಬಿಯಾ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳಿದ್ದ ಆ ನೌಕೆ ಆಕಾಶದಲ್ಲೇ ಛಿದ್ರವಾಯಿತು. ಅವಶೇಷಗಳಲ್ಲಿ ಸಿಕ್ಕ ಒಂದು ಹಾರ್ಡ್ ಡಿಸ್ಕ್ ಸುಟ್ಟು ಕರಕಲಾಗಿತ್ತು. ಅದರ ತಟ್ಟೆಗಳು ಮಾತ್ರ ಉಳಿದಿದ್ದವು. ಅಮೆರಿಕದ ತಜ್ಞರು ಅದರಿಂದ ಸುಮಾರು 99 ಶೇಕಡಾ ಡೇಟಾ ಹೊರತೆಗೆದರು. ನೌಕೆಯಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಪ್ರಕಟವಾಗಿದ್ದು ಹೀಗೆ.

ಕತ್ತರಿಸಿದರೆ ಕಥೆಯೇ ಬೇರೆ

ಮೂಸಿಯಲ್ಲಿ ಸಿಕ್ಕ ಚೂರುಗಳಿಗೆ ಈ ಭಾಗ್ಯ ಸಿಗುವುದು ಕಷ್ಟ. ನೀರೊಂದೇ ಆಗಿದ್ದರೆ ಆಸೆ ಇಟ್ಟುಕೊಳ್ಳಬಹುದಿತ್ತು. ನೀರು ಕಾಂತೀಯ ಗುರುತನ್ನು ಅಳಿಸುವುದಿಲ್ಲ. ಒಣಗಿದ ಬಳಿಕ ಉಳಿಯುವ ಕೆಸರು, ಉಪ್ಪಿನಂಶ ಮತ್ತು ತುಕ್ಕು ತಟ್ಟೆಯನ್ನು ಕೆಡಿಸುತ್ತವೆ. ಪ್ರವಾಹದಲ್ಲಿ ನೆನೆದ ಡಿಸ್ಕ್‌ಗೆ ಮನೆಯಲ್ಲಿ ಕರೆಂಟ್ ಕೊಡಬೇಡಿ ಎಂದು ತಜ್ಞರು ಹೇಳುವುದೂ ಇದಕ್ಕೇ.

ಆದರೆ ತಟ್ಟೆಯೇ ತುಂಡಾದರೆ ಅದು ಸಮತೋಲನದಲ್ಲಿ ತಿರುಗುವುದಿಲ್ಲ, ಹೆಡ್ ಅದರ ಮೇಲೆ ತೇಲುವುದಿಲ್ಲ. ಮೇಲಾಗಿ ಒಂದು ಫೈಲ್ ತಟ್ಟೆಯ ಹಲವು ಕಡೆ ಹರಡಿರಬಹುದು. ಯಾವ ತುಣುಕು ಎಲ್ಲಿದೆ ಎಂಬ ಪಟ್ಟಿಯೂ ಅದೇ ಡಿಸ್ಕ್‌ನಲ್ಲಿರುತ್ತದೆ. ಒಂದು ಚೂರಿನಲ್ಲಿ ಕಾಂತೀಯ ಗುರುತು ಉಳಿದರೂ ಅದರಿಂದ ಒಂದು ಪೂರ್ತಿ ಸಂಭಾಷಣೆ ಕಟ್ಟುವುದು ಅಸಾಧ್ಯಕ್ಕೆ ಸಮ.

ಅರ್ಧಂಬರ್ಧ ಸಿಕ್ಕಿದರೂ ನ್ಯಾಯಾಲಯದಲ್ಲಿ ಇನ್ನೊಂದು ಸವಾಲಿದೆ. ಡಿಜಿಟಲ್ ಸಾಕ್ಷ್ಯ ತಿದ್ದಿಲ್ಲ ಎಂದು ತೋರಿಸಲು ಅದರ ಹ್ಯಾಷ್ ಮೌಲ್ಯ, ಅಂದರೆ ಡಿಜಿಟಲ್ ಬೆರಳಚ್ಚು ಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲಿ ಇದನ್ನು ನಮೂದಿಸಬೇಕು. ಹಾಳಾದ ಡಿಸ್ಕ್ ಮೊದಲ ಸಲ ಓದಿದಾಗ ಕೊಟ್ಟ ಭಾಗವನ್ನು ಎರಡನೇ ಸಲ ಕೊಡದೆ ಇರಬಹುದು. ಆಗ ಹ್ಯಾಷ್ ಬದಲಾಗುತ್ತದೆ, ಪ್ರತಿವಾದಿ ವಕೀಲರ ಕೈಗೆ ಪ್ರಶ್ನೆ ಸಿಗುತ್ತದೆ.

ಯಾರ ಫೋನ್ ಎಂಬುದು ಗೊತ್ತಾಗಬಹುದು, ಏನು ಕೇಳಿದರು ಎಂಬುದು?

ಹಾಗಾದರೆ ತನಿಖೆ ಮುಗಿದಂತೆಯೇ? ಇಲ್ಲ. ಫೋನ್ ಕದ್ದಾಲಿಕೆ ಒಂದೇ ಕಂಪ್ಯೂಟರ್‌ನಲ್ಲಿ ನಡೆಯುವ ಕೆಲಸವಲ್ಲ. ಆದೇಶ ಟೆಲಿಕಾಂ ಕಂಪನಿಗೆ ಹೋಗಬೇಕು, ಮುಖ್ಯ ಕಾರ್ಯದರ್ಶಿ ನೇತೃತ್ವದ ಪರಿಶೀಲನಾ ಸಮಿತಿಯ ಮುಂದೆ ಬರಬೇಕು. ಈ ಹೆಜ್ಜೆಗುರುತುಗಳು ಎಸ್‌ಐಬಿ ಕೋಣೆಯ ಹೊರಗಿರುತ್ತವೆ. 2025ರ ಜೂನ್‌ನಲ್ಲಿ ವಿಶೇಷ ತನಿಖಾ ತಂಡವು ಕದ್ದಾಲಿಕೆಗೆ ಒಳಗಾದವರು ಎನ್ನಲಾದ ಹಲವರನ್ನು ಕರೆದು ಹೇಳಿಕೆ ಪಡೆಯಿತು. ತೆಲಂಗಾಣ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಮಹೇಶ್ ಕುಮಾರ್ ಗೌಡ್ ಅವರಲ್ಲೊಬ್ಬರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಮುಖ ಆರೋಪಿಯಾಗಿರುವ ಎಸ್‌ಐಬಿ ಮಾಜಿ ಮುಖ್ಯಸ್ಥ ಟಿ. ಪ್ರಭಾಕರ್ ರಾವ್ ಅವರಿಗೆ ವಿಧಿವಿಜ್ಞಾನ ತಜ್ಞರ ಎದುರು ಐಕ್ಲೌಡ್ ಪಾಸ್‌ವರ್ಡ್ ರೀಸೆಟ್ ಮಾಡುವಂತೆ ಸೂಚಿಸಿತು. ತನಿಖೆ ನದಿಯಿಂದ ಕ್ಲೌಡ್‌ಗೆ ತಲುಪಿತ್ತು.

ಆದರೆ ನಂಬರ್‌ಗಳ ಪಟ್ಟಿ ಸಿಕ್ಕಿದ ಮಾತ್ರಕ್ಕೆ ಕೇಳಿಸಿಕೊಂಡ ಮಾತು ಸಿಗುವುದಿಲ್ಲ. ಆ ಮಾತುಗಳ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ, ತಮ್ಮ ಖಾಸಗಿ ಬದುಕಿನ ಯಾವ ಭಾಗ ಯಾರ ಕಿವಿಗೆ ಬಿತ್ತು ಎಂಬುದು ಸಂತ್ರಸ್ತರಿಗೆ ಎಂದೂ ತಿಳಿಯದೇ ಹೋಗಬಹುದು. ನಿಜವಾದ ನಷ್ಟ ಇದು.

ಅಳಿಸಲು ಕಾನೂನೇ ಹೇಳುತ್ತದೆ, ಆದರೆ...

ಕದ್ದಾಲಿಕೆಯ ದಾಖಲೆ ಅಳಿಸುವುದೇ ತಪ್ಪಲ್ಲ. ಅಗತ್ಯವಿಲ್ಲದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸಬೇಕು ಎಂದು ಆಗ ಜಾರಿಯಲ್ಲಿದ್ದ ಟೆಲಿಗ್ರಾಫ್ ನಿಯಮ 419ಎ ಹೇಳುತ್ತಿತ್ತು. ನಾಗರಿಕರ ಖಾಸಗಿತನ ಕಾಪಾಡುವುದೇ ಅದರ ಉದ್ದೇಶ. ಹೀಗಾಗಿ ವಿಚಾರಣೆಯಲ್ಲಿ ಡಿಸ್ಕ್ ನಾಶವಾಯಿತೇ ಎಂಬುದಕ್ಕಿಂತ ಯಾರ ಆದೇಶದ ಮೇಲೆ, ಯಾವ ಕಡತದಲ್ಲಿ ಬರೆದು ನಾಶಪಡಿಸಿದರು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಫೋನ್ ಕದ್ದಾಲಿಕೆ ಆರೋಪದ ಬಿಸಿ ಕರ್ನಾಟಕಕ್ಕೂ ತಟ್ಟಿದೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು ಇದೇ ಆರೋಪದ ಹಿನ್ನೆಲೆಯಲ್ಲಿ. ಇಂದು ಸಾವಿರಾರು ಗಂಟೆಗಳ ಸಂಭಾಷಣೆ ಅಂಗೈಯಗಲದ ಡಿಸ್ಕ್‌ನಲ್ಲಿ ಹಿಡಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಚೂರಾಗುತ್ತದೆ. ಗುಪ್ತಚರ ಕಚೇರಿಯ ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್, ಹ್ಯಾಷ್ ಮತ್ತು ನಾಶದ ಆದೇಶ ಆ ಕಚೇರಿಯ ಹೊರಗಿನ ಬೇರೊಂದು ಸಂಸ್ಥೆಯ ಬಳಿ ದಾಖಲಾಗುವ ವ್ಯವಸ್ಥೆ ಬಾರದಿದ್ದರೆ, ಮುಂದಿನ ಸಲ ತನಿಖೆಗೆ ಚೂರುಗಳೂ ಸಿಗಲಿಕ್ಕಿಲ್ಲ.