ಕೇಕಿನ ಅಂತಸ್ತು

ಮದುವೆಗೆ ಎಂಥ ಕೇಕು ತರಬೇಕೆಂಬುದೂ ಒಂದು ವಿಚಾರವೇ ಎಂದು ವಾಚಕರು ನಗಬಹುದು. ಈಚಿನವರೆಗೆ ನಾನೂ ನಗುತ್ತಿದ್ದವನೇ. ಆದರೆ ಕಳೆದ ವೈಶಾಖದಲ್ಲಿ ಉಡಿಗಾಲದ ಮಿತ್ರರೊಬ್ಬರ ಮಗಳ ಮದುವೆಯ ಸಂದರ್ಭದಲ್ಲಿ ಅವರೊಡನೆ ಚಾಮರಾಜನಗರದ ಬೇಕರಿಯೊಂದಕ್ಕೆ ಹೋಗಿ ಬಂದ ಮೇಲೆ, ಇದು ನಕ್ಕು ಬಿಡತಕ್ಕ ಮಾತಲ್ಲವೆಂದು ನನಗೆ ತೋರಿತು.

ಆರತಕ್ಷತೆಯ ಸಂಜೆ ವಧೂವರರು ಕೇಕು ಕತ್ತರಿಸುವ ಪದ್ಧತಿ ಈಗ ನಮ್ಮ ಸೀಮೆಯ ಹಳ್ಳಿಗಳಿಗೂ ಬಂದಿದೆ. ಬೇಕರಿಯವನು ಚಿತ್ರಗಳನ್ನು ಒಂದೊಂದಾಗಿ ತೋರಿಸಿದನು. ಹುಡುಗಿ ಮೆಚ್ಚಿದ್ದು ಐದು ಅಂತಸ್ತಿನ ಕೇಕು. ಬೆಲೆ ಕೇಳಿ ತಂದೆ ಸುಮ್ಮನಾದರು. ಅರಿಸಿನ ಮಾರಿ ಬಂದ ಹಣವೆಲ್ಲ ಅದಾಗಲೇ ಛತ್ರಕ್ಕೂ ಒಡವೆಗೂ ಹಂಚಿಹೋಗಿತ್ತು. ಆಗ ಅಂಗಡಿಯವನು, "ಮೇಲಿನದೊಂದೇ ಕೇಕು ಸಾರ್. ಕೆಳಗಿನ ನಾಲ್ಕೂ ಥರ್ಮೋಕೋಲು. ಮೇಲೆ ಕೆನೆ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅರ್ಧ ಬೆಲೆಗೆ ಆಗುತ್ತದೆ" ಎಂದು ಸಮಾಧಾನ ಹೇಳಿದನು. "ಆಗಲಿ, ನಾಲ್ಕು ಜನರ ಕಣ್ಣಿಗೆ ಕಾಣಬೇಕಲ್ಲ" ಎಂದು ಮಿತ್ರರು ಮುಂಗಡ ಕೊಟ್ಟರು.

ಕೇಕು ಪರದೇಶದ್ದು, ಆದುದರಿಂದ ವರ್ಜ್ಯ ಎಂದು ವಾದಿಸುವವನು ನಾನಲ್ಲ. ನಮ್ಮ ಸಾರಿನ ಮೆಣಸಿನಕಾಯಿಯೂ ಹೊಲದ ಕಡಲೆಕಾಯಿಯೂ ಕಡಲು ದಾಟಿ ಬಂದವೇ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭವಾದ ಅಯ್ಯಂಗಾರ್ ಬೇಕರಿ, ದೊರೆಗಳ ರೊಟ್ಟಿಯನ್ನು ಮಡಿವಂತರೂ ತಿನ್ನುವಂತೆ ಮಾಡಿತು. ಬಂದುದನ್ನು ನಮ್ಮ ನಾಲಗೆಗೆ ಒಗ್ಗಿಸಿಕೊಳ್ಳುವುದರಲ್ಲಿ ತಪ್ಪೇನಿದೆ? ನನ್ನ ಆಕ್ಷೇಪವಿರುವುದು ತಿನ್ನಲಾಗದ ಆ ನಾಲ್ಕು ಅಂತಸ್ತುಗಳ ವಿಷಯದಲ್ಲಿ.

ಈ ಕೇಕು ಹುಟ್ಟಿದ ನಾಡಿನಲ್ಲಿಯೂ ಆಡಂಬರವಿರಲಿಲ್ಲವೆಂದಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯಲ್ಲಿ ಬುಡ ಮಾತ್ರ ಕೇಕಾಗಿದ್ದು ಮೇಲಿನದೆಲ್ಲ ಸಕ್ಕರೆಯ ಕುಸುರಿಯಾಗಿತ್ತು. 1882ರಲ್ಲಿ ರಾಜಕುಮಾರ ಲಿಯೋಪೋಲ್ಡನ ಮದುವೆಯ ಹೊತ್ತಿಗೆ ಎಲ್ಲ ಅಂತಸ್ತುಗಳೂ ತಿನ್ನತಕ್ಕ ಕೇಕೇ ಆದುವು. ಎರಡನೆಯ ಮಹಾಯುದ್ಧ ಬಂದು ಸಕ್ಕರೆಗೆ ರೇಷನ್ ಆಗಿ, 1940ರಲ್ಲಿ ಕೇಕಿನ ಮೇಲೆ ಸಕ್ಕರೆ ಬಳಿಯುವುದನ್ನೇ ಸರಕಾರ ನಿಷೇಧಿಸಿದಾಗ, ಅಲ್ಲಿಯ ಬಡ ವಧುಗಳು ಬಾಡಿಗೆಗೆ ತಂದ ರಟ್ಟಿನ ಹೊದಿಕೆಯನ್ನು ಸಣ್ಣದೊಂದು ಕೇಕಿನ ಮೇಲೆ ಕವುಚಿ ಮದುವೆ ಮಾಡಿಕೊಂಡರು. ಸುಳ್ಳು ಅಲ್ಲಿಯೂ ಇತ್ತು, ಅಹುದು. ಆದರೆ ಬಾಂಬು ಬೀಳುವ ಊರಿನಲ್ಲಿ ಒಂದು ಸಂಜೆಯ ಸಂತೋಷಕ್ಕಾಗಿ ಹೇಳಿದ ಸುಳ್ಳು ಅದು. ಸಕ್ಕರೆಗೆ ಬರವಿಲ್ಲದ ನಮಗೆ ಅಂಥ ಒತ್ತಾಯವೇನು ಬಂದಿದೆ?

ತಿನಿಸಿಗೆ ಅಂದವಾದ ಆಕಾರ ಕೊಡುವ ವಿದ್ಯೆ ನಮಗೆ ಹೊಸದೂ ಅಲ್ಲ. ನಮ್ಮ ಕಡೆಯ ಹಬ್ಬಗಳಲ್ಲಿ ಹೆಂಗಸರು ಹೊರುವ ತಂಬಿಟ್ಟಿನ ಆರತಿಯನ್ನು ನೆನೆಯಿರಿ. ಅಕ್ಕಿಹಿಟ್ಟಿಗೆ ಬೆಲ್ಲ ಬೆರೆಸಿ ಉಂಡೆ ಕಟ್ಟಿ, ನೆತ್ತಿಯಲ್ಲಿ ಗುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ, ಸುತ್ತ ಹೂ ಮುಡಿಸಿ ಗುಡಿಗೆ ಒಯ್ಯುತ್ತಾರೆ. ದೀಪ ಆರಿದ ಮೇಲೆ ಅದನ್ನು ಮುರಿದು ಮಕ್ಕಳಿಗೆ ಹಂಚುತ್ತಾರೆ. ಕಣ್ಣಿಗೆ ಕಂಡದ್ದೆಲ್ಲ ಕೈಗೂ ಬರುತ್ತದೆ, ಬಾಯಿಗೂ ಬರುತ್ತದೆ. ಕನ್ನಡದಲ್ಲಿ ಮನೆಯ ಮಹಡಿಗೂ ಅಂತಸ್ತು ಎನ್ನುತ್ತೇವೆ, ಮನುಷ್ಯನ ಸ್ಥಾನಮಾನಕ್ಕೂ ಅಂತಸ್ತು ಎನ್ನುತ್ತೇವೆ. ಬೇಕರಿಯಲ್ಲಿ ನಮ್ಮ ಮಿತ್ರರು ಕೊಂಡದ್ದು ಮೊದಲನೆಯದನ್ನೋ ಎರಡನೆಯದನ್ನೋ?

ಆರತಕ್ಷತೆಯ ಸಂಜೆ ಆ ಕೇಕು ಗೋಪುರದಂತೆ ನಿಂತಿತು. ಚಪ್ಪಾಳೆಯಾಯಿತು, ಫೋಟೋ ಆಯಿತು. ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಮಕ್ಕಳಲ್ಲಿ ಮುಂದಿನ ಹತ್ತಿಪ್ಪತ್ತು ಮಂದಿಗೆ ಚೂರು ಸಿಕ್ಕಿತು. ಹಿಂದಿನವರು ಎದುರಿಗೇ ಇದ್ದ ನಾಲ್ಕು ಅಂತಸ್ತುಗಳನ್ನು ನೋಡುತ್ತ ನಿಂತರು. ಒಬ್ಬ ಹುಡುಗನು ಬೆರಳಿನಿಂದ ಕೆನೆ ಕೆರೆದು ನೆಕ್ಕಿದನು. ಒಳಗಿನ ಬಿಳಿಯ ಥರ್ಮೋಕೋಲು ಕಂಡಿತು. ರಾತ್ರಿ ಬೇಕರಿಯ ಆಳು ಬಂದು ನಾಲ್ಕನ್ನೂ ಹೊತ್ತು ಆಟೋದಲ್ಲಿಟ್ಟನು, ಮುಂದಿನ ಮದುವೆಗೆ ಬೇಕಂತೆ. ಬಾಗಿಲಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ, "ತಿನ್ನದಲ್ಲ ಅಂದ್ಮೇಲ ಅದ್ಯಾಕ ಮಗಾ?" ಎಂದರು. ಹುಡುಗಿ ಉತ್ತರ ಕೊಡಲಿಲ್ಲ. ಅವಳ ತಂದೆಯೂ ಕೊಡಲಿಲ್ಲ.

ಕುವೆಂಪು ಅವರ ಮಂತ್ರ ಮಾಂಗಲ್ಯದ ಸರಳ ದಾರಿಯಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆಯಿತು. ಎಲ್ಲರೂ ಅಷ್ಟು ದೂರ ಹೋಗಬೇಕೆಂದು ನಾನು ಹೇಳಲಾರೆ. ಸಂಭ್ರಮಪಡುವ ಹಕ್ಕು ಹುಡುಗಿಗೆ ಖಂಡಿತ ಉಂಟು. ಕೇಕು ಬೇಕೆಂದರೆ ತರಲಿ, ಹೂವಿನದೋ ನವಿಲಿನದೋ ಬೇಕಾದ ಆಕಾರದಲ್ಲಿ ತರಲಿ. ಆದರೆ ಆರಿಸುವ ಮುನ್ನ, ಬಂದ ಮಕ್ಕಳಿಗೆಲ್ಲ ಸಾಲುತ್ತದೆಯೇ ಎಂದು ಅಂಗಡಿಯವನನ್ನು ಕೇಳಲಿ. ಒಂದೇ ಅಂತಸ್ತಿನ ಅಗಲವಾದ ಕೇಕು ಫೋಟೋದಲ್ಲಿ ಕುಳ್ಳಗೆ ಕಂಡೀತು. ಕಂಡರೆ ಕಾಣಲಿ. ತಟ್ಟೆ ಹಿಡಿದು ಹಿಂದೆ ನಿಂತ ಹುಡುಗನಿಗೂ ಅದರಲ್ಲಿ ಒಂದು ಚೂರು ಸಿಕ್ಕೀತು.