ಮಕ್ಕಳ ಲೆಕ್ಕದ ಖಾತೆ ಯಾರ ಕೈಯಲ್ಲಿ?

ಖಾತೆಯೆಂದರೇನೆಂದು ನಮ್ಮ ಅಂಗಡಿಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಕಿರ್ದಿ ಬರೆಯುವವನ ಕೈಯಲ್ಲಿ ಗಿರಾಕಿಯ ಮಾನವಿರುತ್ತದೆ. ಹಾಜರಿ ಪುಸ್ತಕ ಯಾರ ಬಳಿ ಇದೆಯೋ ಪಗಾರವೂ ಅವರ ಮುಷ್ಟಿಯಲ್ಲಿ ಎಂಬುದು ಗಿರಣಿ ಕೆಲಸಗಾರರಿಗೂ ಗೊತ್ತು. ಈಗ ಮೊಬೈಲಿನ ಗಣಿತ ಪಾಠಕ್ಕಾಗಿ ಶಾಲೆಯ ಮಕ್ಕಳ ಹೆಸರಿನಲ್ಲೂ ಖಾತೆಗಳು ತೆರೆಯುತ್ತಿವೆ. ಇವುಗಳ ಕಿರ್ದಿ ಯಾರ ಬಳಿ ಇದೆ?

ಏರ್ಪಾಡು ಹೀಗೆ. ಖಾನ್ ಅಕಾಡೆಮಿಯಂಥ ತಾಣದಲ್ಲಿ (ಅದು ಕನ್ನಡದಲ್ಲೂ ಗಣಿತ ಕಲಿಸುತ್ತದೆ, ಹಣ ಕೇಳುವುದಿಲ್ಲ) ಮಾಸ್ತರರು ಒಂದು ತರಗತಿ ತೆರೆಯುತ್ತಾರೆ. ಅದಕ್ಕೊಂದು ಕೋಡು ಸಿಗುತ್ತದೆ. ಆ ಕೋಡಿನಿಂದ ಮಕ್ಕಳು ಸೇರಬೇಕು. ಇಲ್ಲವೇ ಮಾಸ್ತರರೇ ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡು ಮಾಡಿಕೊಡಬೇಕು. ಆಮೇಲೆ ಮಗು ಬಿಡಿಸಿದ ಒಂದೊಂದು ಲೆಕ್ಕವೂ ದಾಖಲೆಯಾಗುತ್ತದೆ. ಭಿನ್ನರಾಶಿಯಲ್ಲಿ ಯಾರು ಎಡವಿದರೆಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಒಳ್ಳೆಯದೇ. ನಾವೂ ಪಾಟಿ ತಿದ್ದಿದವರು. ಯಂತ್ರವೇ ಬೇಡವೆಂದು ಕೂಗುವವರಲ್ಲ.

ಆದರೆ ಈ ಏರ್ಪಾಡು ಮಗುವಿಗೊಂದು ಯಂತ್ರವೆಂದು ಎಣಿಸಿಕೊಂಡಿದೆ. ಶರಾವತಿಯ ನೀರಿನ ನಡುವಿನ ಮಾವಿನಕುರ್ವೆಯಂಥ ಊರಿನ ಬಡವರ ಮನೆಯಲ್ಲಿ ಇರುವುದು ಒಂದೇ ಫೋನು. ಬೆಳಗಾದರೆ ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಮಕ್ಕಳೆಲ್ಲ ಅದನ್ನೇ ಹಂಚಿಕೊಳ್ಳಬೇಕು. ತಂಗಿಯ ಖಾತೆಯಲ್ಲಿ ಅಕ್ಕ ಲೆಕ್ಕ ಮಾಡುತ್ತಾಳೆ. ತಂಗಿ ಬಲು ಜಾಣೆಯೆಂದು ಮಾಸ್ತರರ ಪಟ್ಟಿ ಹೇಳುತ್ತದೆ! ಪಾಸ್‌ವರ್ಡು ಮರೆತವರ ಸರದಿ ಮುಗಿಯುವಷ್ಟರಲ್ಲಿ ಗಣಿತದ ತಾಸು ಮುಗಿದಿರುತ್ತದೆ. ಬಿಸಿಯೂಟ, ಹಾಲು, ಮೊಟ್ಟೆ, ಮತದಾರರ ಪಟ್ಟಿ, ಎಲ್ಲದರ ಲೆಕ್ಕ ಹೊತ್ತ ಮಾಸ್ತರರ ತಲೆಗೆ ಇದೂ ಒಂದು. ಅವರಿಗೆ ವರ್ಗವಾಯಿತೆನ್ನಿ, ತರಗತಿಯೂ ಅವರ ಸ್ವಂತ ಮೊಬೈಲಿನೊಡನೆ ಘಟ್ಟ ಹತ್ತುತ್ತದೆ.

ಸರಕಾರಕ್ಕೆ ಬೇರೆ ಹಾದಿಯಿಲ್ಲವೆ? ಇದೆ. ರಾಜ್ಯದ ಸ್ಯಾಟ್ಸ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ನಂಬರಿದೆ. ಮಗು ಶಾಲೆ ಬದಲಿಸಿದರೆ ನಂಬರೂ ಜೊತೆಗೆ ಹೋಗುತ್ತದೆ. ಗಣಿತ ತರಗತಿಯ ಯಾದಿಯನ್ನು ಇಲಾಖೆಯೇ ಅದರಿಂದ ಸಿದ್ಧಮಾಡಿ ಶಾಲೆಯ ಹೆಸರಿನಲ್ಲಿ ಇಡಲಿ. ಹೊರಗಿನ ತಾಣಕ್ಕೆ ಮಗುವಿನ ಒಂದು ಗುರುತು ಸಾಕು. ಮನೆಯ ಫೋನ್ ನಂಬರು ಹೋಗಕೂಡದು.

ಸರಕಾರದ್ದೆಂದಾಕ್ಷಣ ಭದ್ರವೆಂದೂ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ದೀಕ್ಷಾ ಆ್ಯಪಿನ ಮಾಹಿತಿ ವರ್ಷಕ್ಕೂ ಮಿಕ್ಕಿ ಬಾಗಿಲಿಲ್ಲದ ಮನೆಯಂತೆ ಬಿದ್ದಿತ್ತೆಂದು 2023ರ ಜನವರಿಯಲ್ಲಿ ಬಯಲಾಯಿತು: 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರು; ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರ. ಇನ್ನು ಖಾಸಗಿಯವರ ಮಾತೇನು? 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಬೈಜೂಸ್ ಕಂಪನಿಯ ಮೇಲೆ, ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ, 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ಅಂಗಡಿ ಮುಳುಗಿದರೆ ಸಾಲ ಕೊಟ್ಟವರು ತಕ್ಕಡಿಯನ್ನೂ ಬಿಡುವುದಿಲ್ಲ. ಹಾಗಿರುವಾಗ ಮಕ್ಕಳ ಖಾತೆಗಳು ಯಾರ ಪಾಲಾಗಬೇಕು?

2023ರ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯ ನೋಟೀಸನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವನ್ನೂ ಅದರಲ್ಲಿಟ್ಟಿದ್ದಾರೆ. ಕನ್ನಡ ಆ ಅನುಸೂಚಿಯಲ್ಲಿದೆ.

ಆದುದರಿಂದ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗುವ ಪಾಲಕರು ಕೇಳತಕ್ಕದ್ದು ಇಷ್ಟು: ಮಗುವಿನ ಖಾತೆ ಯಾರ ವಶದಲ್ಲಿದೆ? ಶಾಲೆ ಬಿಟ್ಟ ದಿನ ಅದನ್ನು ಅಳಿಸುವವರು ಯಾರು? ಮಾಸ್ತರರನ್ನು ಗದರಬೇಡಿ, ಪ್ರಶ್ನೆ ಇಲಾಖೆಗೆ. ಉತ್ತರವನ್ನು ಕನ್ನಡದಲ್ಲಿ, ಬರಹದಲ್ಲಿ ಕೇಳಿ. ನಕಲೊಂದನ್ನು ನಮ್ಮ ಕಚೇರಿಗೆ ಕಳಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಜಿನ ಮೇಲೆ ನಾವು ಇಡುತ್ತೇವೆ.