ಹಂಚಿಕೊಂಡ ಚಿತ್ರಗಳಲ್ಲಿ ಆಯತಕ್ಕವು ಯಾವುವು?

ಕೊಳಾಲ ಹೋಬಳಿಯ ತೋಟಗಾರರಲ್ಲಿ ಕ್ಯಾಮೆರಾ ಇಲ್ಲದವರನ್ನು ಈಗ ಹುಡುಕಬೇಕಾಗುತ್ತದೆ. ಅಂಗಿಯ ಜೇಬಿನಲ್ಲಿರುವ ಫೋನೇ ಕ್ಯಾಮೆರಾ. ಬೆಳಗಾದರೆ ನಮ್ಮ ಸದಸ್ಯರು ಒಬ್ಬರಿಗೊಬ್ಬರು ಕಳಿಸುವ ಚಿತ್ರಗಳಿಗೆ ಲೆಕ್ಕವಿಲ್ಲ. ಸಿದ್ದರಬೆಟ್ಟದ ಮೇಲಿನ ಮಂಜು, ಚನ್ನರಾಯನದುರ್ಗದ ಕೋಟೆ, ಗೊನೆ ತುಂಬಿದ ಅಡಿಕೆ ಮರ, ಹಳದಿ ತಿರುಗಿದ ಗರಿ, ಕೋಡಿ ಬಿದ್ದ ಕೆರೆ, ಹೀಗೆ ಬಗೆಬಗೆಯವು. ವರ್ಷಕ್ಕೊಮ್ಮೆ ಇವುಗಳಲ್ಲಿ ಉತ್ತಮವಾದ ಹತ್ತನ್ನೋ ಹನ್ನೆರಡನ್ನೋ ಆರಿಸಿ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕೆಂದು ಕೆಲವು ಸದಸ್ಯರು ಸೂಚಿಸಿದ್ದಾರೆ. ಸೂಚನೆ ಸ್ವಾಗತಾರ್ಹ. ಆದರೆ ಉತ್ತಮವೆಂದರೆ ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ನೋಡಲು ಚೆಂದವಾಗಿದ್ದರೆ ಸಾಕು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಏನನ್ನು, ಎಲ್ಲಿ, ಯಾವಾಗ ತೆಗೆದದ್ದು ಎಂಬುದು ಸ್ಪಷ್ಟವಾಗಿದ್ದು, ಮತ್ತೊಬ್ಬ ಬೆಳೆಗಾರನ ಉಪಯೋಗಕ್ಕೆ ಬರುವ ಚಿತ್ರವೇ ಆಯ್ಕೆಗೆ ಯೋಗ್ಯವೆಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಚೆಂದದ ಚಿತ್ರಗಳ ವಿಷಯದಲ್ಲಿ ನಮಗೆ ತಾತ್ಸಾರವಿಲ್ಲ. ಛಾಯಾಗ್ರಹಣದಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯೇ ಇದೆ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್ ಇವರ ವನ್ಯಜೀವಿ ಚಿತ್ರಗಳು ಹೊರದೇಶಗಳಲ್ಲೂ ಹೆಸರಾದವು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಂದಿಗೂ ಆಸಕ್ತರನ್ನು ಒಂದೆಡೆ ಸೇರಿಸುತ್ತಿದೆ. ಆ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ರೀಲಿಗೂ ಹಣ, ತೊಳೆಯುವುದಕ್ಕೂ ಹಣ, ಪ್ರತಿ ಮುದ್ರಿಸುವುದಕ್ಕೂ ಹಣ. ಆದುದರಿಂದ ಗುಂಡಿ ಒತ್ತುವ ಮೊದಲು ನಾಲ್ಕು ಸಲ ಯೋಚಿಸುತ್ತಿದ್ದರು. ಈಗ ಖರ್ಚಿಲ್ಲ, ಖರ್ಚಿನ ಜೊತೆಗೆ ಯೋಚನೆಯೂ ತಪ್ಪಿಹೋದಂತೆ ಕಾಣುತ್ತದೆ.

ನಮ್ಮ ವೃತ್ತಿಯವರಲ್ಲೇ ಆದರ್ಶ ಬೇಕೆಂದರೆ ಮೂಡಿಗೆರೆಯ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರಿದ್ದಾರೆ. ಅವರು 2007ರಲ್ಲಿ ತೀರಿಕೊಂಡರು. ತೋಟದ ಕೆಲಸ, ಬರವಣಿಗೆಗಳ ನಡುವೆ ಹಕ್ಕಿಗಳ ಹಿಂದೆ ಬಿದ್ದು ಅವುಗಳ ಚಿತ್ರ ತೆಗೆದರು. ಹಕ್ಕಿಗಳ ಹೆಸರು, ಗುರುತು, ನಡವಳಿಕೆಗಳನ್ನು ಕನ್ನಡದಲ್ಲಿ ಬರೆದು, ಶಾಲೆಯ ಹುಡುಗನೂ ಬೇಲಿಯ ಮೇಲಿನ ಹಕ್ಕಿಯನ್ನು ಗುರುತಿಸುವಂತೆ ಮಾಡಿದರು. ಹಕ್ಕಿಯ ಹೆಸರು ತಿಳಿಸದೆ ಬರಿಯ ಚಿತ್ರವನ್ನಷ್ಟೇ ಕೊಟ್ಟಿದ್ದರೆ ಅದರಿಂದ ಓದುಗರಿಗೆ ಆಗುತ್ತಿದ್ದ ಲಾಭ ಅಷ್ಟಕ್ಕಷ್ಟೇ.

ಸರಿಯಾದ ಒಂದು ಚಿತ್ರ ಎಷ್ಟು ಕೆಲಸ ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡನ್ನು ಬಹಳ ಜನ ಕೆಲಸಕ್ಕೆ ಬಾರದ ಕಾಡೆಂದೇ ಭಾವಿಸಿದ್ದರು. ಸಂಜಯ್ ಗುಬ್ಬಿಯವರೂ ಅವರ ಸಂಗಡಿಗರೂ ಚಿರತೆಗಳ ಅಧ್ಯಯನಕ್ಕೆಂದು ಅಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟರು. ಅವುಗಳಲ್ಲಿ ಚಿಂಕಾರವೆಂಬ ಸಣ್ಣ ಹುಲ್ಲೆ ಕಾಣಿಸಿಕೊಂಡಿತು. 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿಧಾಮವಾಯಿತು. ಕಲೆಯ ದೃಷ್ಟಿಯಿಂದ ನೋಡಿದರೆ ಅಂಥ ಯಂತ್ರದ ಚಿತ್ರಗಳಿಗೆ ಬಹುಮಾನ ಬರಲಾರದು. ಆದರೆ ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಪ್ರಾಣಿ ಇತ್ತೆಂದು ಸಾಕ್ಷಿ ನುಡಿಯುವ ಬಲ ಅವುಗಳಿಗಿದೆ. ದಿನವೂ ಜಾಗವೂ ತಿಳಿಯದಿದ್ದರೆ ಅದು ಎಲ್ಲಿಯದೋ ಒಂದು ಹುಲ್ಲೆಯ ಪಟವಾಗಿ ಉಳಿಯುತ್ತಿತ್ತು.

ಕಾಡಿನ ಮಾತು ಹಾಗಿರಲಿ, ನಮ್ಮ ಸ್ವಂತ ಹಿಡುವಳಿಗೂ ಚಿತ್ರವೇ ಸಾಕ್ಷಿಯಾಗಿದೆ. 2020ರ ಮುಂಗಾರಿನಿಂದ ರೈತರು ತಾವೇ ಬೆಳೆಯ ಚಿತ್ರ ತೆಗೆದು ಸರ್ಕಾರದ ಬೆಳೆ ಸಮೀಕ್ಷೆಯ ಆ್ಯಪಿಗೆ ಸೇರಿಸುವ ವ್ಯವಸ್ಥೆ ಬಂದಿದೆ. ಪಹಣಿಯಲ್ಲಿ ಬೆಳೆ ನಮೂದಾಗುವುದಕ್ಕೂ, ಬೆಳೆ ನಷ್ಟದ ಪರಿಹಾರಕ್ಕೂ, ವಿಮೆಗೂ ಈ ಸಮೀಕ್ಷೆಯ ಮಾಹಿತಿ ಬಳಕೆಯಾಗುತ್ತದೆ. ಹೀಗಿದ್ದರೂ ಅದನ್ನು ಪಕ್ಕದ ಹುಡುಗನ ಕೈಗೆ ಫೋನು ಕೊಟ್ಟು ಮುಗಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ತನ್ನ ಸರ್ವೆ ನಂಬರಿನ ಎಲ್ಲೆಯೊಳಗೆ ನಿಂತು ತೆಗೆಯಬೇಕು. ಅಡಿಕೆಯ ಜೊತೆಗೆ ಬಾಳೆ, ಮೆಣಸು, ಕಾಫಿ ಇದ್ದರೆ ಅದನ್ನೂ ತೋರಿಸಿ ನಮೂದಿಸಬೇಕು. ಕಷ್ಟದ ವರ್ಷ ಬಂದಾಗ ಮಿಶ್ರಬೆಳೆ ಇತ್ತೆಂದು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ.

ಇನ್ನು ರೋಗದ ಚಿತ್ರಗಳು. ಸದಸ್ಯರಲ್ಲಿ ಹರಿದಾಡುವ ಚಿತ್ರಗಳಲ್ಲಿ ಇವೇ ಹೆಚ್ಚು. ಇವುಗಳಿಂದ ಆಗುವ ಹಾನಿಯೂ ಹೆಚ್ಚು. ಹಳದಿಯಾದ ಒಂದು ಗರಿಯ ಪಟ ಬರುತ್ತದೆ. ಕೆಳಗೆ ‘ಇದಕ್ಕೆ ಏನು ಹೊಡೆಯಬೇಕು?’ ಎಂಬ ಪ್ರಶ್ನೆ. ಅರ್ಧ ಗಂಟೆಯೊಳಗೆ ಹತ್ತು ಉತ್ತರ, ಹತ್ತು ಔಷಧಿ. ಅಡಿಕೆಯ ಗರಿ ಹಳದಿಯಾಗುವುದಕ್ಕೆ ಕಾರಣ ಒಂದೇ ಎರಡೇ? ನೀರಿನ ಕೊರತೆಯಿಂದ ಆಗಬಹುದು, ಬೇರುಹುಳುವಿನಿಂದ ಆಗಬಹುದು, ಅಣಬೆ ರೋಗದಿಂದಲೂ ಆಗಬಹುದು. ಅಣಬೆ ರೋಗದಲ್ಲಿ ಹೊರಸುತ್ತಿನ ಗರಿಗಳು ಮೊದಲು ಹಳದಿಯಾಗಿ ಜೋಲುತ್ತವೆ. ಮೇಲ್ನೋಟಕ್ಕೆ ನೀರು ಸಾಲದ ಮರದಂತೆಯೇ ಇರುತ್ತದೆ. ನಿಜ ತಿಳಿಯುವುದು ಬುಡದಲ್ಲಿ. ಕಾಂಡದ ಕೆಳಭಾಗದಲ್ಲಿ ಕಂದು ಮಚ್ಚೆ, ಅದರಿಂದ ಒಸರುವ ಅಂಟು, ಕಡೆಗೆ ಬುಡದಲ್ಲೇಳುವ ಅಣಬೆ ಇವು ಅದರ ಗುರುತು. ಬೇರುಹುಳುವಾದರೆ ಮಣ್ಣು ಕೆದಕಿ ನೋಡಬೇಕು. ಹಿಡಿಮುಂಡಿಗೆಯಾದರೆ ಗರಿಗಳು ಗಿಡ್ಡವಾಗಿ, ಕಡುಹಸಿರಾಗಿ, ತಲೆಯಲ್ಲಿ ಮುದುಡಿಕೊಂಡಿರುತ್ತವೆ. ಅದಕ್ಕೆ ಗಟ್ಟಿ ನೆಲ, ನೀರು ಬಸಿಯದಿರುವುದು ಮುಂತಾದ ಕಾರಣಗಳುಂಟು. ಗರಿಯ ತುದಿಯೊಂದನ್ನೇ ತೋರಿಸಿದರೆ ತಜ್ಞರಾದರೂ ಏನು ಹೇಳಿಯಾರು? ಊಹೆಯ ಮೇಲೆ ಔಷಧಿ ಹೊಡೆದರೆ ದುಡ್ಡೂ ಹೋಯಿತು, ಅಷ್ಟರಲ್ಲಿ ರೋಗ ಪಕ್ಕದ ಮರದ ಬೇರಿಗೂ ದಾಟಿತು.

ಆದುದರಿಂದ ರೋಗದ ಸಂಗತಿಯಲ್ಲಿ ನಾಲ್ಕು ಚಿತ್ರ ತೆಗೆಯುವುದನ್ನು ಸದಸ್ಯರು ರೂಢಿ ಮಾಡಿಕೊಳ್ಳಬೇಕು. ಅಕ್ಕಪಕ್ಕದ ಮರಗಳೂ ಕಾಣುವಂತೆ ತೋಟದ್ದೊಂದು, ಬುಡದಿಂದ ಸುಳಿಯವರೆಗೆ ಇಡೀ ಮರದ್ದೊಂದು, ಬುಡದ್ದೊಂದು, ರೋಗ ತಗುಲಿದ ಭಾಗವನ್ನು ಹತ್ತಿರದಿಂದ ತೆಗೆದದ್ದೊಂದು. ಹತ್ತಿರದ ಚಿತ್ರದಲ್ಲಿ ಪಕ್ಕಕ್ಕೊಂದು ಬೆಂಕಿಪೊಟ್ಟಣವನ್ನೋ ರೂಪಾಯಿ ನಾಣ್ಯವನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ಜೊತೆಗೆ ಊರು, ತಾರೀಖು, ಮರದ ವಯಸ್ಸು, ಮಣ್ಣಿನ ಬಗೆ, ನೀರು ಕೊಡುವ ಕ್ರಮ, ಈ ಮೊದಲು ಏನನ್ನು ಹಾಕಿದ್ದೀರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಬೇಕು. ಕಾಫಿ ಇಟ್ಟವರು ಬಿಳಿ ಕಾಂಡಕೊರಕದ ಅನುಮಾನವಿದ್ದರೆ ಬಾಡಿದ ಎಲೆಯನ್ನಷ್ಟೇ ತೋರಿಸದೆ, ಕಾಂಡದ ಮೇಲೆ ಉಬ್ಬಿದ ಗೆರೆಗಳನ್ನೂ ತೋರಿಸಬೇಕು. ಹೀಗೆ ಸಿದ್ಧಪಡಿಸಿದ ಚಿತ್ರಗಳನ್ನು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ತೋರಿಸಿದರೆ ಮಾತಿಗೊಂದು ಬುಡವಿರುತ್ತದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮಣ್ಣು ಪರೀಕ್ಷೆಗೂ ಖುದ್ದು ಭೇಟಿಗೂ ಅದು ಬದಲಿಯಲ್ಲ ಎಂಬುದನ್ನೂ ಮರೆಯಬಾರದು.

ಒಂದು ಸಣ್ಣ ವಿಷಯ ಬಹಳ ಜನರಿಗೆ ತಿಳಿದಿಲ್ಲ. ಫೋನಿನಲ್ಲಿ ಸ್ಥಳ ಗುರುತಿಸುವ ಏರ್ಪಾಡು ತೆರೆದಿದ್ದರೆ, ತೆಗೆದ ದಿನವೂ ಜಾಗವೂ ಚಿತ್ರದ ಕಡತದೊಳಗೇ ದಾಖಲಾಗಿರುತ್ತವೆ. ವಾಟ್ಸಾಪಿನಲ್ಲಿ ಮಾಮೂಲಾಗಿ ಚಿತ್ರವಾಗಿ ಕಳಿಸಿದರೆ ಈ ದಾಖಲೆ ಕಳಚಿಹೋಗುತ್ತದೆ, ಸೂಕ್ಷ್ಮ ವಿವರಗಳೂ ಮಾಸುತ್ತವೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಎರಡೂ ಉಳಿಯುತ್ತವೆ.

ಕೆರೆಯ ಚಿತ್ರಗಳ ಬಗೆಗೂ ಒಂದು ಮಾತು. 2022ರ ಮಳೆಗಾಲದಲ್ಲಿ ಜಯಮಂಗಲಿ ದಡ ಮೀರಿ ಹರಿದಾಗ ತೆಗೆದ ಚಿತ್ರಗಳು ಎಲ್ಲರ ಫೋನಿನಲ್ಲೂ ಇವೆ. ಮರುವರ್ಷವೇ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆ ವರ್ಷ ಬತ್ತಿದ ಕೆರೆಯಂಗಳದ ಮುಂದೆ ನಿಂತು ಚಿತ್ರ ತೆಗೆದವರು ಎಷ್ಟು ಮಂದಿ? ನೀರು ಬಂದಾಗ ಸಂಭ್ರಮಕ್ಕೆ ತೆಗೆಯುತ್ತೇವೆ, ಬತ್ತಿದಾಗ ಮುಖ ತಿರುಗಿಸುತ್ತೇವೆ. ಪ್ರತಿ ಊರಿನಲ್ಲಿ ಒಬ್ಬರಾದರೂ ಅದೇ ತೂಬಿನ ಬಳಿ ನಿಂತು, ಅದೇ ದಿಕ್ಕಿಗೆ ಮುಖ ಮಾಡಿ, ಯುಗಾದಿಗೊಂದು ದೀಪಾವಳಿಗೊಂದು ಚಿತ್ರ ತೆಗೆದಿಟ್ಟರೆ ಹತ್ತು ವರ್ಷದಲ್ಲಿ ಇಪ್ಪತ್ತು ಚಿತ್ರವಾಗುತ್ತದೆ. ಹೂಳೆಷ್ಟು ತುಂಬಿತು, ಜಾಲಿ ಎಲ್ಲಿಯವರೆಗೆ ಹಬ್ಬಿತು, ಒತ್ತುವರಿ ಯಾವಾಗ ಮೊದಲಾಯಿತು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಅರ್ಜಿ ಬೇಡ. ಕೊಳವೆಬಾವಿಯನ್ನೇ ನಂಬಿದ ಅಡಿಕೆ ತೋಟಕ್ಕೆ ಕೆರೆಯೇ ಬೇರು.

ಜಾಗ ಹೇಳಬೇಕೆಂದು ಇಷ್ಟು ಒತ್ತಿ ಹೇಳಿದ ನಾವೇ ಒಂದು ಕಡೆ ಜಾಗ ಹೇಳಬಾರದೆನ್ನುತ್ತೇವೆ. ನಮ್ಮ ಜಿಲ್ಲೆಯ ಹುಣಸೆ ತೋಪು, ಬೇಲಿಸಾಲುಗಳಲ್ಲಿ ಕಾಡುಪಾಪವಿದೆ. ಮೂಢನಂಬಿಕೆಯಿಂದ ಅದನ್ನು ಹಿಡಿಯುವವರೂ ಕೊಲ್ಲುವವರೂ ಇದ್ದಾರೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧ. ಅಂಥ ಪ್ರಾಣಿಯ ಚಿತ್ರವನ್ನು ಊರು, ತೋಪಿನ ಹೆಸರು ಸಹಿತ ನೂರು ಜನಕ್ಕೆ ಹಂಚಿದರೆ ಕಳ್ಳನಿಗೆ ದಾರಿ ತೋರಿಸಿದಂತೆ. ಗೂಡಿನಲ್ಲಿ ಕೂತ ಹಕ್ಕಿಗೂ ಇದೇ ನಿಯಮ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿಯ ಜಾಗ ಗುಟ್ಟಲ್ಲ. ಆದರೆ ಚಿತ್ರಕ್ಕಾಗಿ ಮೃಗಗಳನ್ನು ಗಾಡಿಯಲ್ಲಿ ಅಟ್ಟುವುದು ತಪ್ಪು. ರೋಗದ ಜಾಗ ಹೇಳಿದರೆ ಹತ್ತು ತೋಟ ಉಳಿಯುತ್ತವೆ, ಕಾಡುಪಾಪದ ಜಾಗ ಹೇಳಿದರೆ ಒಂದು ಜೀವ ಹೋಗುತ್ತದೆ. ಈ ವಿವೇಚನೆ ತೆಗೆದವನದೇ ಆಗಿರಬೇಕು.

ಇಷ್ಟೆಲ್ಲ ಮಾಡಲು ರೈತನಿಗೆ ಪುರಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ದಿನಕ್ಕಿಷ್ಟು ಶುಭೋದಯದ ಹೂವಿನ ಪಟಗಳನ್ನು ಮುಂದೂಡಲು ಇರುವ ಪುರಸೊತ್ತು ಎರಡು ಸಾಲು ಬರೆಯಲು ಸಿಗದೇ ಹೋಗದು. ಮನಸ್ಸಿಗೆ ಹಿತವಾದ ಚಿತ್ರವೂ ಬೇಕಲ್ಲವೇ ಎಂದರೆ, ಖಂಡಿತ ಬೇಕು. ಬೆಟ್ಟದ ಮಂಜಿಗೂ ಪುಟದಲ್ಲೊಂದು ಮೂಲೆ ಇರಲಿ. ಆದರೆ ಸಂಘದ ಪತ್ರಿಕೆಯ ಪುಟ ಸದಸ್ಯರ ವಂತಿಗೆಯಿಂದ ಅಚ್ಚಾಗುವಂಥದ್ದು; ಮೊದಲ ಸ್ಥಾನ ಸದಸ್ಯರಿಗೆ ಉಪಕಾರವಾಗುವ ಚಿತ್ರಕ್ಕೇ ಸಲ್ಲಬೇಕು.

ಈ ದೃಷ್ಟಿಯಿಂದ ಆಯ್ಕೆ ನಡೆಯಬೇಕೆಂದು ನಮ್ಮ ಸಲಹೆ. ಚಿತ್ರ ಸ್ವಂತ ತೆಗೆದದ್ದಾಗಿರಲಿ, ಬೇರೆಯವರದಾದರೆ ಅವರ ಒಪ್ಪಿಗೆಯೂ ಹೆಸರೂ ಇರಲಿ. ಊರು, ತಾರೀಖು, ಎರಡು ಸಾಲಿನ ವಿವರ ಇಲ್ಲದ್ದನ್ನು ಪರಿಗಣಿಸುವುದು ಬೇಡ. ಬಣ್ಣ ಏರಿಸಿ ತಿದ್ದಿದ್ದು ಬೇಡ. ರೋಗದ ಚಿತ್ರದಲ್ಲಿ ಬಣ್ಣವೇ ಲಕ್ಷಣ. ಫಲ ಕೊಟ್ಟ ಗೊನೆಯಷ್ಟೇ ಗೌರವ ಒಣಗಿದ ಸುಳಿಗೂ ಸಿಗಲಿ, ಏಕೆಂದರೆ ನೆರೆಯವನು ಎಚ್ಚರಗೊಳ್ಳುವುದು ಅದನ್ನು ನೋಡಿಯೇ. ಸದಸ್ಯ ಬಂಧುಗಳು ಈ ಬಗ್ಗೆ ತಮ್ಮ ಅಭಿಪ್ರಾಯವನ್ನು ಮುಂದಿನ ಸಭೆಯ ಒಳಗಾಗಿ ಕಛೇರಿಗೆ ತಿಳಿಸಬೇಕೆಂದು ಕೋರುತ್ತೇವೆ. ಬರುವಾಗ ತಮ್ಮೂರಿನ ಕೆರೆಯ ತೂಬಿನ ಬಳಿ ನಿಂತು ಒಂದು ಚಿತ್ರ ತೆಗೆದುಕೊಂಡು ಬಂದರೆ ಇನ್ನೂ ಸಂತೋಷ.

— ಕಾರ್ಯದರ್ಶಿ